ಅಕ್ಕನ ಫ್ರಾಕ್ಚರ್

ಅಕ್ಕ ತೀರಿಕೊಂಡ ಸುದ್ದಿಯನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಿದವಳು ನಾನು. ಗುಂಪಿನ ಹೆಸರು ‘ಹಾಸ್ಟೆಲ್ ಹಕ್ಕಿಗಳು’. ದೆಹಲಿಯ ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲೊಂದರಲ್ಲಿ ಮೂವತ್ತೈದು ವರ್ಷಗಳ ಹಿಂದೆ ಒಟ್ಟಿಗಿದ್ದ ಕನ್ನಡದ ಹೆಂಗಸರು ನಾವು. ಈಗ ಹಕ್ಕಿಗಳಲ್ಲಿ ಐವತ್ತೆಂಟು ದಾಟದವರು ಯಾರೂ ಇಲ್ಲ. ಅರ್ಧದಷ್ಟು ಜನಕ್ಕೆ ಮೆಟ್ಟಿಲು ಹತ್ತಲೂ ಮಂಡಿಪಟ್ಟಿ ಬೇಕು. ಸುದ್ದಿ ಹಾಕಿದ ಐದು ನಿಮಿಷದಲ್ಲಿ ಮುಗಿದ ಕೈಗಳ ಚಿತ್ರಗಳು ಸಾಲುಗಟ್ಟಿದವು. ಒಬ್ಬರು ‘ಓಂ ಶಾಂತಿ’ ಹಾಕಲು ಹೋಗಿ ಆ ದಿನದ ಶುಭೋದಯದ ಗುಲಾಬಿಯನ್ನು ಹಾಕಿ, ಅಳಿಸಿ, ಕ್ಷಮೆ ಕೇಳಿದರು. ಇನ್ನೊಬ್ಬರು ಅಕ್ಕನನ್ನು ಧೀರ ಹೋರಾಟಗಾರ್ತಿ ಎಂದರು. ಯಾವುದರ ವಿರುದ್ಧ ಹೋರಾಡಿದರು ಎಂದು ಬರೆಯಲಿಲ್ಲ, ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಒಬ್ಬಳು ಎಲ್ಲರ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟಳು: “ಅವರಿಗೆ ಆಗಿದ್ದು ಬರೀ ಕೈ ಫ್ರಾಕ್ಚರ್ ಅಲ್ವಾ? ಅದು ಇನ್ನೂ ವಾಸಿ ಆಗಿರ್ಲಿಲ್ವಾ?”

ಉತ್ತರ ಬರೆಯಲು ಹೋಗಿ ಮೂರು ಸಲ ಅಳಿಸಿದೆ. ಅಕ್ಕನ ಕೈ ಯಾವತ್ತೂ ಮುರಿದಿರಲಿಲ್ಲ. ಆ ಫ್ರಾಕ್ಚರ್ ಒಂದು ಭಾನುವಾರದ ಮಟ್ಟಿಗೆ ನಾವೇ ತಯಾರಿಸಿದ್ದು. ಅದರಲ್ಲಿ ನನ್ನ ಪಾಲೂ ಇತ್ತು. ವಾಟ್ಸ್ಯಾಪಿನಲ್ಲಿ ನಾಲ್ಕು ಸಾಲು ಬರೆದು ಮುಗಿಸುವ ವಿಷಯ ಅದಲ್ಲ.

ಅವರು ನನಗಿಂತ ಮೂರೇ ವರ್ಷ ದೊಡ್ಡವರು. ಆದರೂ ಹಾಸ್ಟೆಲಿನಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದೆವು, ಅವರಿಗಿಂತ ದೊಡ್ಡವರು ಕೂಡ. ಹಾಸನದಿಂದ ಸ್ಟೆನೋಗ್ರಾಫರ್ ಕೆಲಸಕ್ಕೆಂದು ಬಂದಿಳಿದ ನನಗೆ ಮೂರನೆಯ ಮಹಡಿಯ ಕೋಣೆ ಕೊಟ್ಟಿದ್ದರು. ನಾನು ಕಬ್ಬಿಣದ ಟ್ರಂಕಿನ ಪಕ್ಕ ನಿಂತು ಕೂಲಿಯವರನ್ನು ಹಿಂದಿಯಲ್ಲಿ ಏನೆಂದು ಕರೆಯಬೇಕು ಎಂದು ಯೋಚಿಸುತ್ತಿರುವಾಗ ಒಬ್ಬ ಹೆಂಗಸು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟ್ರಂಕನ್ನು ಹೆಗಲಿಗೇರಿಸಿಕೊಂಡು ಹತ್ತಿಯೇಬಿಟ್ಟರು. ಮೇಲೆ ಹೋದ ಮೇಲೆ ಹೆಸರು ಕೇಳಿದರು. ಬೆಳಗ್ಗೆ ಬಸ್ಸು ನಿಲ್ದಾಣದಲ್ಲಿ ಪೂರ್ತಿ ನಿಲ್ಲದೆ ಹೊರಟಾಗ ಅವರು ಒಂದು ಕೈಯಲ್ಲಿ ಬಸ್ಸಿನ ಕಂಬಿ, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಎಳೆದುಕೊಳ್ಳುತ್ತಿದ್ದರು. ನಾನು ದೆಹಲಿಯಲ್ಲಿ ಮೊದಲ ವರ್ಷ ಕಚೇರಿಗೆ ಸಮಯಕ್ಕೆ ಸರಿಯಾಗಿ ತಲುಪಿದ್ದು ಆ ಕೈಯಿಂದ.

ಓಖ್ಲಾದ ಒಂದು ಉಡುಪು ರಫ್ತು ಕಂಪನಿಯಲ್ಲಿ ಅವರು ಹೊಲಿಗೆ ಪರೀಕ್ಷಿಸುವ ಕೆಲಸದಲ್ಲಿದ್ದರು. ಅಲ್ಲಿ ಪ್ರತಿ ಅಂಗಿಗೂ ಮೂರರಲ್ಲಿ ಒಂದು ತೀರ್ಪು: ಪಾಸ್, ಆಲ್ಟರ್, ರಿಜೆಕ್ಟ್. ಬಿಚ್ಚಿ ಹೊಲಿದರೆ ಸರಿಹೋಗುವಂಥದ್ದು ಆಲ್ಟರ್. ಈ ಅಭ್ಯಾಸ ಅವರನ್ನು ಹಾಸ್ಟೆಲಿಗೂ ಹಿಂಬಾಲಿಸಿ ಬರುತ್ತಿತ್ತು. ನಾವು ಗಂಭೀರವಾಗಿ ಏನೋ ಹೇಳುತ್ತಿದ್ದರೆ ಅವರು ಕೇಳುತ್ತಲೇ ನಮ್ಮ ಸೆರಗಿನ ಅಂಚನ್ನು ತಿರುಗಿಸಿ, ಹೆಬ್ಬೆರಳಿಂದ ಎಳೆದು ನೋಡುತ್ತಿದ್ದರು. ಅವರನ್ನು ನೋಡಲು ಬಂದ ಗಂಡಿನ ಕೋಟಿನ ತೋಳನ್ನೂ ಹಾಗೆಯೇ ತಿರುಗಿಸಿ ನೋಡಿ, ಆಮೇಲೆ ನಮ್ಮ ಹತ್ತಿರ “ಆಲ್ಟರ್ ಮಾಡ್ಕೋಬಹುದು ಕಣೇ” ಎಂದರು. ಮದುವೆಯಾಗಿ ಫರೀದಾಬಾದಿಗೆ ಹೋದರು. ಭಾವ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ಮಾತು ಕಡಿಮೆ, ಕೈ ಚುರುಕು. ಅವರಲ್ಲಿ ಆಲ್ಟರ್ ಮಾಡುವಂಥದ್ದು ಏನಿತ್ತೋ ನನಗಂತೂ ಕಾಣಲಿಲ್ಲ.

ಐವತ್ತು ದಾಟಿದ ಮೇಲೆ ಒಂದು ಚಳಿಗಾಲದ ಬೆಳಗ್ಗೆ ಅಕ್ಕನಿಗೆ ಕಂಪನಿಯಲ್ಲಿ ಅಂಗಿಯ ಕಾಲರ್ ಮಗುಚಿ ನೋಡಲು ಆಗಲಿಲ್ಲ. ಬೆರಳು ಮಡಚುತ್ತಿರಲಿಲ್ಲ. ಚಳಿಗೆ ಹೀಗೆ ಎಂದುಕೊಂಡರು. ಚಳಿ ಹೋಯಿತು, ಬೆರಳು ಮಾತ್ರ ಹಾಗೆಯೇ ಉಳಿಯಿತು. ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಎಂದರು. ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಎಂದೂ ಹೇಳಿದರು. ದೇಹವನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಅದು. ಅಕ್ಕ ನನಗೆ ಹೇಳಿದ್ದು ಬೇರೆ ಥರ: “ಚೌಕಿದಾರನೇ ಮನೆಯವರಿಗೆ ಲಾಠಿ ಬೀಸ್ತಾನೆ. ಹಾಗಂತ ಅವನನ್ನ ತೆಗೆದುಹಾಕೋ ಹಾಗೂ ಇಲ್ಲ.”

ಕೆಲಸ ಬಿಟ್ಟರು. ಬೆಳಗ್ಗೆ ಎದ್ದು ಒಂದೂವರೆ ಗಂಟೆ ಕೈ ಅವರ ಮಾತು ಕೇಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಆರಾಮವಾಗಿಯೇ ಇರುವಂತೆ ಕಾಣುತ್ತಿದ್ದರು, ಎಲ್ಲ ತೊಂದರೆಯೂ ಅದರಿಂದಲೇ. ನೆಂಟರು ಬರುತ್ತಿದ್ದುದು ಮಧ್ಯಾಹ್ನ. ಬಂದವರು ಕಾಯಿಲೆಯ ಪೂರ್ತಿ ಹೆಸರನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ಸುಮ್ಮನಿರುತ್ತಿರಲಿಲ್ಲ. ಸಂಧಿವಾತ ಎಂದು ಕನ್ನಡದಲ್ಲಿ ಹೇಳಿದರೆ ತಕ್ಷಣ ಅರ್ಥವಾಗಿಬಿಡುತ್ತಿತ್ತು, ಅದು ಇನ್ನೂ ಕಷ್ಟ. ಓ, ನಮ್ಮತ್ತೆಗೂ ಮಂಡಿನೋವು ಎಂದು ಶುರುಮಾಡಿ, ಮೆಂತ್ಯ ನೆನೆಹಾಕಿ ತಿನ್ನಿ, ಬದನೆಕಾಯಿ ಬಿಟ್ಟುಬಿಡಿ, ತಾಮ್ರದ ಬಳೆ ಹಾಕಿ ಎನ್ನುತ್ತಿದ್ದರು. ಏನೂ ಹೊಳೆಯದವರು ಪಾಸಿಟಿವ್ ಆಗಿರಿ ಎನ್ನುತ್ತಿದ್ದರು. ಅಕ್ಕ ಪ್ರತಿ ಮದ್ದನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡು, ಅವರು ಹೋದ ಮೇಲೆ ನನಗೆ ಫೋನು ಮಾಡಿ ತೀರ್ಪು ಕೊಡುತ್ತಿದ್ದರು. ಒಂದೂ ಪಾಸಾದ ನೆನಪಿಲ್ಲ. ತಾಮ್ರದ ಬಳೆ ಮಾತ್ರ ಆಲ್ಟರ್: ನೋವಿಗಲ್ಲ, ನೋಡಲು ಚೆನ್ನಾಗಿದೆ ಎಂದು.

ಕ್ರಮೇಣ ಫೋನುಗಳು ಕಡಿಮೆಯಾದವು. ಯಾರದೋ ಗೃಹಪ್ರವೇಶ, ಯಾರದೋ ಮಗಳ ಸೀಮಂತ, ಎಲ್ಲವೂ ನಡೆದು ಹೋದ ಮೇಲೆ ಅಕ್ಕನಿಗೆ ಫೋಟೋಗಳು ಬರುತ್ತಿದ್ದವು. ಕರೆಯಲಿಲ್ಲವಲ್ಲ ಎಂದು ಅವರು ಯಾರನ್ನೂ ಕೇಳಲಿಲ್ಲ. ಕರೆಯದವರೇ ಹೇಳುತ್ತಿದ್ದರು, ನಿಮಗೆ ಸುಮ್ಮನೆ ತೊಂದರೆ ಯಾಕೆ ಅಂತ ಕರೀಲಿಲ್ಲ, ಎಂದು. ಅದನ್ನು ಹೇಳುವಾಗ ಅವರ ದನಿಯಲ್ಲಿ ಉಪಕಾರ ಮಾಡಿದ ಸಮಾಧಾನ ಇರುತ್ತಿತ್ತು.

ಹೀಗಿರುವಾಗ ಹಾಸ್ಟೆಲ್ ಹಕ್ಕಿಗಳ ಪುನರ್ಮಿಲನದ ಸುದ್ದಿ ಬಂತು. ಗುಂಪನ್ನು ನಡೆಸುವವಳನ್ನು ನಾವು ಅಡ್ಮಿನ್ ಎಂದೇ ಕರೆಯುತ್ತೇವೆ. ಹಾಸ್ಟೆಲಿನಲ್ಲಿ ಸ್ನಾನದ ಸರದಿಯ ಪಟ್ಟಿ ಬರೆಯುತ್ತಿದ್ದವಳೂ ಅವಳೇ. ಒಂದು ಮದುವೆ ಹಾಲ್‌ನಲ್ಲಿ ನಡೆಯುವ ಕಾರ್ಯಕ್ರಮದ ವಿವರ ಕಂತುಕಂತಾಗಿ ಬಂತು. ಎಲ್ಲರೂ ನವಿಲು ಬಣ್ಣದ ಸೀರೆ ಉಡಬೇಕು. ತಂಬೋಲಾ ಇರುತ್ತದೆ, ಅಂತ್ಯಾಕ್ಷರಿ ಇರುತ್ತದೆ, ವೇದಿಕೆಯ ಮೇಲೆ ನಡೆದು ತೋರಿಸುವುದು ಇರುತ್ತದೆ. ‘ನನ್ನ ಸಾಧನೆ’ ಎಂದು ಪ್ರತಿಯೊಬ್ಬರಿಗೂ ಎರಡು ನಿಮಿಷ.

ಅಕ್ಕನ ಫೋನು ಬಂತು. ಸಾಧನೆಯ ಎರಡು ನಿಮಿಷದಲ್ಲಿ ತಾವು ಬೆಳಗ್ಗೆ ಎದ್ದು ಹಲ್ಲುಜ್ಜಿದ್ದನ್ನು ಹೇಳಿದರೆ ಸಮಯ ಸಾಲುವುದಿಲ್ಲ ಎಂದರು. ಆ ದಿನ ಹೋಗಬೇಕು ಎಂದರು, ಮಾರನೆಯ ದಿನ ಬೇಡ ಎಂದರು. ಎಲ್ಲರನ್ನೂ ನೋಡಬೇಕು ಅನ್ನಿಸುತ್ತಿತ್ತು, ಎಲ್ಲರೂ ತಮ್ಮನ್ನು ನೋಡುವುದು ಬೇಡ ಅನ್ನಿಸುತ್ತಿತ್ತು. ಒಂದು ಭಾನುವಾರ ಹೊರಗೆ ಹೋದರೆ ಸೋಮವಾರ, ಮಂಗಳವಾರ, ಬುಧವಾರ ಹಾಸಿಗೆಯಲ್ಲಿ. ಅದಕ್ಕೂ ತಯಾರಿದ್ದರು. ಅವರಿಗೆ ಹೆದರಿಕೆ ಇದ್ದದ್ದು ‘ಹೇಗಿದ್ದೀರಿ’ ಎಂಬ ಪ್ರಶ್ನೆಗೆ. ಆರಾಮ ಎಂದರೆ ಕುಣಿಯಲು ಎಬ್ಬಿಸುತ್ತಾರೆ. ನಿಜ ಹೇಳಿದರೆ ಊಟ ಆರಿಹೋಗುತ್ತದೆ, ಮೇಲೆ ಮೆಂತ್ಯ ಬೇರೆ.

“ಯಾರಿಗೂ ಏನೂ ಆಗದ ಹಾಗೆ ಆ ಹಾಲ್‌ನಲ್ಲಿ ಎರಡು ದಿನ ಕರೆಂಟ್ ಹೋಗ್ಲಿ ಅಂತ ಬೇಡ್ಕೊಳ್ತಿದ್ದೀನಿ. ಹಾಗೇ ಸೀರೆಗೆ ಫಾಲ್ ಹಚ್ಚೋಕೂ ಕೊಟ್ಟಿದ್ದೀನಿ,” ಎಂದರು.

ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ ಅವರಿಗೆ ಉಪಾಯ ಹೊಳೆಯಿತು. ಪಕ್ಕದ ಮನೆಯ ಹೆಂಗಸು ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡಿದ್ದಳಂತೆ. ಅವಳನ್ನು ನೋಡಲು ಇಡೀ ಸೆಕ್ಟರ್ ಬರುತ್ತಿತ್ತು. ಹಣ್ಣು ತರುತ್ತಿದ್ದರು, ಅಡುಗೆ ಮಾಡಿಕೊಡುತ್ತಿದ್ದರು. ಯಾರೂ ಮದ್ದು ಹೇಳುತ್ತಿರಲಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತು: ಮುರಿದದ್ದು ಕೂಡುತ್ತದೆ. ಎಷ್ಟು ವಾರ ಎಂದು ಕೇಳುತ್ತಿದ್ದರು, ಆರು ಎಂದರೆ ತೃಪ್ತಿಯಿಂದ ಹೋಗುತ್ತಿದ್ದರು.

“ಫ್ರಾಕ್ಚರ್‌ಗೆ ಒಂದು ಕೊನೆ ಇದೆ ಕಣೇ. ಜನಕ್ಕೆ ಕೊನೆ ಇರೋ ಕಷ್ಟ ಇಷ್ಟ. ನಾನು ಭಾನುವಾರ ಫ್ರಾಕ್ಚರ್ ಮಾಡ್ಕೊಂಡು ಬರ್ತೀನಿ. ನೀನು ಸುಮ್ನೆ ಹೂಂ ಅನ್ನು.”

ನಾನು ಬೇಡ ಎನ್ನಬೇಕಿತ್ತೇನೋ. ಅವರು ಬರುವುದಾದರೆ ಬರಲಿ ಎಂದು ಹೂಂ ಅಂದೆ.

ಭಾನುವಾರ ಹನ್ನೊಂದಕ್ಕೆ ಭಾವ ಅಕ್ಕನನ್ನು ಹಾಲ್‌ನ ಬಾಗಿಲಲ್ಲಿ ಇಳಿಸಿ ಹೋದರು. ವಾಪಸು ಕರೆದೊಯ್ಯುವ ಹೊಣೆ ನನ್ನದು. ನವಿಲು ಬಣ್ಣದ ಸೀರೆ, ಬಲಗೈಗೆ ಬೆರಳ ತುದಿಯಿಂದ ಮೊಣಕೈವರೆಗೆ ಕ್ರೇಪ್ ಬ್ಯಾಂಡೇಜು, ಕುತ್ತಿಗೆಯಿಂದ ಇಳಿಬಿಟ್ಟ ಪಟ್ಟಿ. ಬ್ಯಾಂಡೇಜು ಕಟ್ಟಿದವರು ಭಾವ. ಸೋರುವ ಪೈಪಿಗೆ ಸುತ್ತಿದ ಹಾಗಿತ್ತು.

ಪರಿಣಾಮ ಅಕ್ಕನ ಲೆಕ್ಕಾಚಾರವನ್ನೂ ಮೀರಿತು. ಅಡ್ಮಿನ್ ಓಡಿಬಂದು ಎತ್ತರದ ಕುರ್ಚಿ ಹಾಕಿಸಿದಳು. ತಗ್ಗಿನ ಸೋಫಾದಿಂದ ಏಳಲು ಅಕ್ಕನಿಗೆ ಆಗುವುದಿಲ್ಲ ಎಂದು ಒಂಬತ್ತು ವರ್ಷದಿಂದ ಹೇಳಿದ್ದು ಯಾರ ತಲೆಗೂ ಹೊಕ್ಕಿರಲಿಲ್ಲ. ಒಬ್ಬಳು ತಟ್ಟೆ ತಂದಳು, ಒಬ್ಬಳು ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟಳು. ಕುಣಿಯಿರಿ ಎಂದು ಯಾರೂ ಎಳೆಯಲಿಲ್ಲ. ಹೇಗಾಯಿತು ಎಂದು ಮೊದಲು ಕೇಳಿದವಳಿಗೆ ಅಕ್ಕ ಬಚ್ಚಲಲ್ಲಿ ಜಾರಿದೆ ಎಂದರು. ಎರಡನೆಯವಳಿಗೆ ಮೆಟ್ರೊ ಎಸ್ಕಲೇಟರಿನಲ್ಲಿ ಎಂದರು. ಮೂರನೆಯವಳಿಗೆ, ತಾರಸಿಯ ಮೇಲೆ ಕೋತಿ ಅಟ್ಟಿಸಿಕೊಂಡು ಬಂತು ಎಂದು ಶುರುಮಾಡಿದಾಗ ನನಗೆ ಬೆವರು ಬಂತು. ಮೂರು ಜನ ಒಂದೇ ಮೇಜಿನಲ್ಲಿ ಕೂತಿದ್ದರು. ಆದರೆ ನನ್ನ ಭಯ ಅನವಶ್ಯಕವಾಗಿತ್ತು. ಪ್ರಶ್ನೆ ಕೇಳಿದವರಿಗೆಲ್ಲ ಹೇಳಲು ತಮ್ಮದೇ ಒಂದು ಫ್ರಾಕ್ಚರ್ ಇತ್ತು. ಅಕ್ಕನ ಕೋತಿ ಇನ್ನೂ ತಾರಸಿಯಲ್ಲಿರುವಾಗಲೇ ಆ ಮೂರನೆಯವಳ ಯಜಮಾನರು ನೋಯಿಡಾದಲ್ಲಿ ಸ್ಕೂಟರಿನಿಂದ ಬಿದ್ದಿದ್ದರು.

ಅಕ್ಕ ಆ ದಿನ ನಕ್ಕಷ್ಟು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ವಾರ್ಡನ್ನಿನ ನಡಿಗೆಯನ್ನು ಕೂತಲ್ಲೇ ಭುಜದಲ್ಲಿ ಮಾಡಿ ತೋರಿಸಿದರು. ಪಕ್ಕದವಳ ಸೆರಗನ್ನು ಎಡಗೈಯಲ್ಲಿ ತಿರುಗಿಸಿ, ಫಾಲ್ ಸರಿಯಿಲ್ಲ ಎಂದರು.

ಆಗ ಸಿಸ್ಟರ್ ಬಂದರು. ಹಕ್ಕಿಗಳಲ್ಲೇ ಒಬ್ಬರು, ಮಂಗಳೂರಿನ ಕಡೆಯವರು, ದೆಹಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ದೂರದಿಂದಲೇ ಬ್ಯಾಂಡೇಜನ್ನು ನೋಡಿ ಅವರ ಮುಖ ಸಣ್ಣಗಾಯಿತು. ಹತ್ತಿರ ಬಂದು, “ಇದನ್ನು ಯಾರು ಕಟ್ಟಿದ್ದು? ಹೀಗೆ ಕಟ್ಟಿದರೆ ರಕ್ತ ಓಡುವುದಿಲ್ಲ. ಬನ್ನಿ, ನಾನು ಸರಿ ಮಾಡಿಕೊಡ್ತೇನೆ,” ಎಂದರು. ಅಕ್ಕ ಬೇಡ ಎಂದರು. ಸಿಸ್ಟರ್ ಕೇಳುವವರಲ್ಲ. ಮದುಮಗಳ ಅಲಂಕಾರಕ್ಕೆಂದು ಇರುವ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ನಾನೂ ಹಿಂದೆಯೇ ಹೋದೆ.

ಬ್ಯಾಂಡೇಜು ಸುರುಳಿ ಸುರುಳಿಯಾಗಿ ಬಿಚ್ಚಿತು. ಏಟಿನ ಗುರುತು ಎಲ್ಲೂ ಇರಲಿಲ್ಲ. ಕಿರುಬೆರಳ ಕಡೆಗೆ ವಾಲಿದ ನಾಲ್ಕು ಬೆರಳು, ಊದಿದ ಗೆಣ್ಣುಗಳು. ಕನ್ನಡಿಯ ಸುತ್ತಲಿನ ಬಲ್ಬುಗಳ ಬೆಳಕಿನಲ್ಲಿ ಅದನ್ನು ನೋಡುವುದು ನನಗೇ ಕಷ್ಟವಾಯಿತು. ಅಕ್ಕ ಮುಖ ಬೇರೆ ಕಡೆ ತಿರುಗಿಸಿದ್ದರು. ಸಿಸ್ಟರ್ ಆ ಕೈಯನ್ನು ತಮ್ಮ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಕೂತರು.

“ಎಷ್ಟು ವರ್ಷವಾಯಿತು?”

“ಒಂಬತ್ತು.”

“ಕೀಲುಗಳ ಮಾತ್ರೆ ವಾರಕ್ಕೊಮ್ಮೆಯಾ?”

“ಹೌದು.”

ಅಷ್ಟೇ. ಬೇರೇನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ಬ್ಯಾಂಡೇಜನ್ನು ಮತ್ತೆ ಸುತ್ತಿದರು, ಈ ಸಲ ಸರಿಯಾಗಿ, ಎಲ್ಲೂ ಬಿಗಿಯದಂತೆ. ಹೊರಗೆ ಬಂದಾಗ ನಾಲ್ಕೈದು ಜನ ಬಾಗಿಲಲ್ಲೇ ನಿಂತಿದ್ದರು. ಸಿಸ್ಟರ್ ತಮ್ಮ ವಾರ್ಡಿನ ದನಿಯಲ್ಲಿ ಹೇಳಿದರು: “ಮೂಳೆ ಸರಿಯಾಗಿ ಕೂತಿದೆ. ಆರು ವಾರ ಆ ಕೈಯನ್ನು ಯಾರೂ ಮುಟ್ಟಬಾರದು.” ಅಕ್ಕ ನನ್ನ ಕಿವಿಯ ಬಳಿ ಬಾಗಿ, “ಪಾಸ್,” ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಕೊನೆಯಲ್ಲಿ ಅಡ್ಮಿನ್ ಬಹುಮಾನಗಳನ್ನು ಹಂಚಿದಳು. ಕೈ ಮುರಿದಿದ್ದರೂ ಬಂದ ಅಕ್ಕನಿಗೆ ‘ಸ್ಫೂರ್ತಿಯ ಸೆಲೆ’ ಎಂದು ವಿಶೇಷ ಬಹುಮಾನ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾಗದ ಬಿಚ್ಚಿದರೆ ಒಳಗೆ ಆರು ಗಾಜಿನ ಜಾಡಿಗಳು, ಗಾಳಿಯೂ ಆಡದಷ್ಟು ಬಿಗಿ ಮುಚ್ಚಳದವು.

ಫರೀದಾಬಾದಿಗೆ ಹೋಗುವ ಮೆಟ್ರೊದಲ್ಲಿ ಒಬ್ಬ ಹುಡುಗಿ ಬ್ಯಾಂಡೇಜು ನೋಡಿ, ಆಂಟೀ ಬೈಠಿಯೇ, ಎಂದು ತಕ್ಷಣ ಎದ್ದಳು. ಅಕ್ಕ ಕೂತರು. ನಾನು ಜಾಡಿಗಳ ಡಬ್ಬ ಹಿಡಿದು ಎದುರು ನಿಂತೆ. ನಾಲ್ಕೈದು ನಿಲ್ದಾಣ ಕಳೆದವು. ನಾನು ಇಷ್ಟು ಹೊತ್ತು ಮನಸ್ಸಿನಲ್ಲೇ ಅಡ್ಮಿನ್‌ಳನ್ನೂ ಉಳಿದವರನ್ನೂ ಬೈಯುತ್ತಿದ್ದೆ. ಎಂಥ ಜನ ನೋಡಿ, ಒಂಬತ್ತು ವರ್ಷ ನಿಜ ಹೇಳಿದಾಗ ಒಂದು ಕುರ್ಚಿ ಹಾಕಲಿಲ್ಲ, ಸುಳ್ಳಿಗೆ ಎದ್ದು ನಿಂತರು ಎಂದೆ.

ಅಕ್ಕ ಕಿಟಕಿಯ ಆಚೆ ನೋಡುತ್ತಲೇ ಹೇಳಿದರು: “ಎರಡು ವರ್ಷದ ಹಿಂದೆಯೂ ಎಲ್ಲರೂ ಸೇರಿದ್ರಿ. ಆಗ ಅಡ್ಮಿನ್ ನನ್ನ ಹೆಸರೂ ಬರೆದಿದ್ದಳಂತೆ. ಅವರಿಗೆ ಆಗಲ್ಲ, ಸುಮ್ನೆ ತೊಂದರೆ ಕೊಡೋದು ಬೇಡ ಅಂತ ಹೇಳಿ ತೆಗೆಸಿದವಳು ನೀನು.”

ನನ್ನ ಕೈಯಲ್ಲಿದ್ದ ಡಬ್ಬ ಭಾರವಾಯಿತು. ಅದು ನಿಜ. ನಾನು ಅವರ ಪರವಾಗಿ ಕಾಳಜಿಯಿಂದಲೇ ಹೇಳಿದ್ದೆ. ಹೇಳುವಾಗ ನನಗೂ ಆ ಉಪಕಾರದ ಸಮಾಧಾನ ಆಗಿತ್ತು. ಜೊತೆಗೆ ಇನ್ನೊಂದೂ ಇತ್ತು, ಈಗ ಬರೆಯಲು ನಾಚಿಕೆಯಾಗುತ್ತದೆ: ಅಕ್ಕ ಬಂದರೆ ಇಡೀ ದಿನ ಅವರ ಪಕ್ಕ ಕೂತಿರಬೇಕಾಗುತ್ತದೆ ಎಂಬ ಯೋಚನೆ. ಯಾರು ಹೇಳಿದರು ಎಂದು ಕೇಳಿದೆ. ಅಡ್ಮಿನ್ ಆವತ್ತೇ ಹೇಳಿದ್ದಳಂತೆ. ಎರಡು ವರ್ಷದಿಂದ ಅಕ್ಕ ಅದನ್ನು ತಿಳಿದುಕೊಂಡೇ ನನ್ನ ಜೊತೆ ವಾರಕ್ಕೆರಡು ಸಲ ಫೋನಿನಲ್ಲಿ ನಕ್ಕಿದ್ದರು.

ತಪ್ಪಾಯಿತು ಎಂದೆ. ಅವರು ತಪ್ಪಿನ ಮಾತಿಗೆ ಹೋಗಲಿಲ್ಲ.

“ನೀನು ಕರೀತಾ ಇರು ಕಣೇ. ಹತ್ತು ಸಲ ಕರೆದರೆ ಒಂಬತ್ತು ಸಲ ನಾನು ಬರಲ್ಲ. ಆದರೆ ಬರಲ್ಲ ಅನ್ನೋ ಕೆಲಸ ನಂಗೆ ಬಿಡು. ಅದನ್ನೂ ನೀವೇ ಮಾಡ್ಬಿಟ್ರೆ ನಾನು ಮಾಡೋಕೆ ಏನು ಉಳೀತು?”

ಅವರ ನಿಲ್ದಾಣ ಬಂತು. ನಾನು ಕೈ ಕೊಟ್ಟೆ. ಎಡಗೈಯಿಂದ ನನ್ನ ರಟ್ಟೆ ಹಿಡಿದು ಎದ್ದರು. ಸೋಮವಾರ, ಮಂಗಳವಾರ, ಬುಧವಾರ, ಗುರುವಾರವೂ ಹಾಸಿಗೆಯಲ್ಲಿದ್ದರು ಎಂದು ಆಮೇಲೆ ಭಾವ ಹೇಳಿದರು. ಹೋಗಬಾರದಿತ್ತು ಎಂದು ಅಕ್ಕ ಬೈದುಕೊಂಡರಂತೆ. ಬುಧವಾರ ಎದ್ದು ಕೂತು ಫೋಟೋಗಳನ್ನೆಲ್ಲ ಎರಡು ಸಲ ನೋಡಿದರಂತೆ.

ಅಂದಿನಿಂದ ನಾನು ಕರೆಯತೊಡಗಿದೆ. ಯುಗಾದಿಗೆ ಕರೆದೆ, ಗೌರಿ ಹಬ್ಬಕ್ಕೆ ಕರೆದೆ, ಒಮ್ಮೆ ಸುಮ್ಮನೆ ಹುಳಿಯನ್ನಕ್ಕೆ ಕರೆದೆ. ಅವರು ಪ್ರತಿ ಸಲವೂ ವಿವರವಾಗಿ, ಸಂತೋಷದಿಂದ, ಬರುವುದಿಲ್ಲ ಎಂದರು. ಮೊದಲಿಗೆ ನನಗೆ ಇದೊಂದು ಶಾಸ್ತ್ರದ ಹಾಗೆ ಅನ್ನಿಸಿತು. ಆಮೇಲೆ ಅವರು ಇಲ್ಲ ಎನ್ನುವುದನ್ನು ಕೇಳಲು ನಾನೇ ಕಾಯುತ್ತಿದ್ದೆ.

ಹೋದ ಅಕ್ಟೋಬರಿನಲ್ಲಿ ನಾನು ನಿವೃತ್ತಳಾದೆ. ಕಿದ್ವಾಯಿ ನಗರದ ನಮ್ಮ ಹಳೆಯ ಕ್ವಾರ್ಟರ್ಸಿನಲ್ಲಿ, ಮನೆ ಖಾಲಿ ಮಾಡುವ ಮುಂಚೆ, ಒಂದು ಸಣ್ಣ ಊಟ ಇಟ್ಟುಕೊಂಡೆ. ಎರಡನೆಯ ಮಹಡಿ, ಲಿಫ್ಟ್ ಇಲ್ಲ. ಅಕ್ಕನನ್ನು ಕರೆದೆ. ಬರುವುದಿಲ್ಲ ಎಂದರು. ಆದರೂ ಆ ದಿನ ಬಂದರು. ಅದು ಅವರ ಕೊನೆಯ ಹೊರಗಿನ ಊಟವಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಜನವರಿಯ ಹೊಗೆಮಂಜಿನಲ್ಲಿ ಹಿಡಿದ ಕೆಮ್ಮು ಶ್ವಾಸಕೋಶಕ್ಕೆ ಇಳಿದು ಎಂಟು ದಿನದಲ್ಲಿ ಅವರನ್ನು ತೆಗೆದುಕೊಂಡು ಹೋಯಿತು.

ಊಟದ ದಿನ ಹನ್ನೆರಡೂವರೆಗೆ ಭಾವ ಕೆಳಗಿನಿಂದ ಫೋನು ಮಾಡಿ, ನಾವು ಬಂದಿದ್ದೇವೆ, ನೀನು ಇಳಿಯಬಾರದಂತೆ, ಎಂದರು. ನಾನು ಮೆಟ್ಟಿಲ ತುದಿಯಲ್ಲಿ ನಿಂತೆ. ಕೆಳಗೆ ನಾಲ್ಕು ಹೆಜ್ಜೆ ಕೇಳಿಸುತ್ತಿತ್ತು, ನಿಲ್ಲುತ್ತಿತ್ತು. ಕೆಳಮನೆಯ ಪಂಜಾಬಿ ಆಂಟಿಯ ದನಿ ಬಹಳ ಹೊತ್ತು ಕೇಳಿಸಿತು. ಮತ್ತೆ ಹೆಜ್ಜೆ. ಮೊದಲ ಮಹಡಿಯಲ್ಲಿ ಯಾರೋ ಕುರ್ಚಿ ತಂದು ಹಾಕಿದ ಸದ್ದು, ಮಾತು. ನನ್ನ ಎದುರುಮನೆಯವರೂ ಬಾಗಿಲು ತೆರೆದು ಇಣುಕಿದವರು, ಅಕ್ಕ ಕೊನೆಯ ತಿರುವಿಗೆ ಬಂದದ್ದನ್ನು ಕಂಡು, ನನ್ನನ್ನು ದಾಟಿ ಇಳಿದು ಹೋಗಿ ಏನೋ ಹೇಳತೊಡಗಿದರು. ಕೆಳಗೆ ಓಡಬೇಕೆಂದು ನನ್ನ ಕಾಲು ಎರಡು ಸಲ ಮೆಟ್ಟಿಲಿಗೆ ಇಳಿದು ವಾಪಸು ಬಂತು.

ಇಪ್ಪತ್ತೈದು ನಿಮಿಷವಾಗಿತ್ತು. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಉಸಿರು ತೆಗೆದುಕೊಂಡರು. ಈ ಸಲ ಕೈಗೆ ಬ್ಯಾಂಡೇಜು ಇರಲಿಲ್ಲ. ಆ ಬೆರಳುಗಳಿಂದಲೇ ನನ್ನ ಹೊಸ ಸೀರೆಯ ಅಂಚನ್ನು ಹಿಡಿಯಲು ನೋಡಿ, ಆಗದೆ, ಅಂಗೈಯಿಂದ ಸವರಿದರು.

“ಕೆಳಗಿನವರು ಮೆಂತ್ಯ ಅಂದ್ರು, ನಡುವಿನವರು ಹರಿದ್ವಾರದಲ್ಲಿ ಒಬ್ಬ ವೈದ್ಯ ಇದ್ದಾನೆ ಅಂದ್ರು, ಎದುರುಮನೆಯವರು ಬಿಸಿ ಮರಳಿನ ಶಾಖ ಅಂದ್ರು,” ಎಂದರು. “ನಿಮ್ಮ ಕಟ್ಟಡಕ್ಕೆ ಇನ್ನೊಂದು ಮಹಡಿ ಇದ್ದಿದ್ರೆ ನಾನು ಪೂರ್ತಿ ವಾಸಿಯಾಗೇ ಬಿಡ್ತಿದ್ದೆ ಕಣೇ.”